ಅಮ್ಮಾವ್ರ ಬಂಡಿ ಕೂಗಲಿಲ್ಲ

ಮುರೋತಾ ಟೆತ್ಸುಜಿಯವರಿಗೆ ಸಮುದ್ರ ಆಗಿಬರಲಿಲ್ಲ. ಹಿಮಿಯಂಥ ಕಡಲ ತಡಿಯ ಊರಿನಲ್ಲಿ ಮೀನುಗಾರರ ಮನೆಯ ಮೂರನೆಯ ಮಗನಾಗಿ ಹುಟ್ಟಿ, ದೋಣಿ ಬಂದರಿನ ಕಟ್ಟೆ ದಾಟುವ ಮೊದಲೇ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕುವವನ ಗತಿ ಏನಾಗಬೇಕು? ಎರಡು ಚಳಿಗಾಲ ಹಲ್ಲು ಕಚ್ಚಿಕೊಂಡು ಬುರಿ ಮೀನಿನ ಬಲೆ ಎಳೆಯಲು ಹೋದರು. ಮೂರನೆಯ ವರ್ಷ ಅವರ ಅಪ್ಪನೇ, "ನೀನು ಕಕ್ಕೋದನ್ನ ತಿನ್ನೋಕಾದ್ರೂ ಮೀನು ಬರ್ತವೆ ಅಂದ್ಕೊಂಡಿದ್ದೆ, ಅದೂ ಬರ್ಲಿಲ್ಲ" ಎಂದು ನಕ್ಕು, ಬಂದರಿನ ಹಿಂದಿನ ಬೀದಿಯ ದೊಯಿ ಯಜಮಾನರ ಅಂಗಡಿಗೆ ಸೇರಿಸಿದರು. ಅದು ವಾಹನಗಳ ವೈರಿಂಗ್ ಅಂಗಡಿ. ಡೈನಮೊ, ದೀಪ, ಬ್ಯಾಟರಿ, ಹಾರ್ನ್, ಏನು ಕೆಟ್ಟರೂ ಸುತ್ತಲಿನ ಲಾರಿಯವರು ಅಲ್ಲಿಗೇ ಬರುತ್ತಿದ್ದರು. ಆಗ ಮುರೋತಾ ಅವರಿಗೆ ಹತ್ತೊಂಬತ್ತು.

ಯಜಮಾನರ ಹೆಂಡತಿ ಫುಮಿ. ಅಂಗಡಿಯ ಕೆಲಸದವರೆಲ್ಲ ಅವರನ್ನು ಅಮ್ಮಾವ್ರು ಎಂದೇ ಕರೆಯುತ್ತಿದ್ದರು. ಸಮುದ್ರದಿಂದ ಸೋತು ಬಂದವನೆಂದು ತಲೆ ತಗ್ಗಿಸಿಕೊಂಡೇ ಊಟಕ್ಕೆ ಕೂರುತ್ತಿದ್ದ ಆ ಹುಡುಗನ ಬಟ್ಟಲಿಗೆ ಅವರು ಅನ್ನ ಒತ್ತಿ ಒತ್ತಿ ತುಂಬುತ್ತಿದ್ದರಂತೆ. "ಇಲ್ಲಿ ನೆಲ ಅಲ್ಲಾಡಲ್ಲ ಟೆತ್ಸು, ಧೈರ್ಯವಾಗಿ ತಿನ್ನು" ಎನ್ನುತ್ತಿದ್ದರಂತೆ. ಇದನ್ನು ಮುರೋತಾ ಅವರೇ ನನಗೆ ಹೇಳಿದ್ದು. ಯಜಮಾನರು ತೀರಿಕೊಂಡ ಮೇಲೆ, ಒಬ್ಬನೇ ಮಗ ನೊಬುಹಿರೊ ತೊಯಾಮಾದಲ್ಲಿ ಶಾಲೆಯ ಮೇಷ್ಟ್ರಾಗಿ ನೆಲೆ ನಿಂತಿದ್ದರಿಂದ, ಅಮ್ಮಾವ್ರು ಅಂಗಡಿಯ ಬೀಗದ ಕೈಯನ್ನು ಕರವಸ್ತ್ರದಲ್ಲಿ ಸುತ್ತಿ ಮುರೋತಾ ಅವರ ಕೈಗಿಟ್ಟರು. ಬೋರ್ಡಿನ ಮೇಲಿದ್ದ ದೊಯಿ ಎಂಬ ಹೆಸರನ್ನು ಮುರೋತಾ ಅವರು ಕೊನೆಯವರೆಗೂ ಬದಲಾಯಿಸಲಿಲ್ಲ.

ನನ್ನ ಹೆಸರು ಮಿತ್ಸು. ಊರಿನ ಅಂತ್ಯಸಂಸ್ಕಾರದ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ಪೀಠ ಅಣಿಗೊಳಿಸುವುದು, ಬಂದವರಿಗೆ ಚಹಾ ಕೊಡುವುದು, ಧೂಪದ ಬೂದಿ ಸಮ ಮಾಡುವುದು ನನ್ನ ಕೆಲಸ. ಕಂಪನಿಗೆ ಒಂದು ಹಳೆಯ ಅಮೆರಿಕನ್ ಕಾರಿತ್ತು. ಉದ್ದ ಮೂತಿಯ, ಕರಿಯ ಕಾರು. ಅದರ ಹಿಂಭಾಗವನ್ನು ಕತ್ತರಿಸಿ ಅಲ್ಲಿ ದೇಗುಲದಂಥ ಚಾವಣಿ, ಕೆತ್ತನೆಯ ಕಂಬ, ಚಿನ್ನದ ರೇಕು ಎಲ್ಲ ಕೂರಿಸಿದ್ದರು. ಊರಿನವರು ಅದನ್ನು ಚಿನ್ನದ ಬಂಡಿ ಎನ್ನುತ್ತಿದ್ದರು. ಅದು ಬೀದಿಯಲ್ಲಿ ಹಾದರೆ ಮಕ್ಕಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಅಪ್ಪ ಅಮ್ಮನ ಕೊನೆಗಾಲಕ್ಕೆ ಹತ್ತಿರ ಇರಲಾಗುವುದಿಲ್ಲವಂತೆ.

ಅಮ್ಮಾವ್ರು ತೀರಿಕೊಳ್ಳುವ ಹೊತ್ತಿಗೆ ಮೂವತ್ತು ವರ್ಷ ಆ ಬಂಡಿ ಓಡಿಸಿದ್ದವರು ಇಸೊಬೆ ಕನೇಜಿ. ಮೌನಿ. ಬಿಳಿಯ ಕೈಗವಸನ್ನು ತಾವೇ ಒಗೆದು ತಾವೇ ಇಸ್ತ್ರಿ ಹಾಕುತ್ತಿದ್ದರು. ಮನೆಯಿಂದ ಪೆಟ್ಟಿಗೆ ಹೊರಟು ಬಂಡಿಯೊಳಗೆ ಸೇರಿ, ತೀರಿಕೊಂಡವರ ಅನ್ನದ ಬಟ್ಟಲನ್ನು ನೆಲಕ್ಕೆ ಬಡಿದು ಒಡೆದ ಮೇಲೆ, ಇಸೊಬೆ ಸ್ಟೀರಿಂಗಿನ ನಡುವಿನ ಗುಂಡಿಯನ್ನು ಒತ್ತಿ ಒಂದೇ ಒಂದು ಉದ್ದನೆಯ ಹಾರ್ನ್ ಕೊಡುತ್ತಿದ್ದರು. ಅದು ಕೂಗಿದಾಗಲೇ ಎಲ್ಲರೂ ತಲೆ ಬಾಗಿಸಿ ಕೈ ಮುಗಿಯುವುದು. ಅದು ನಿಂತ ಮೇಲೆಯೇ ಅಳುವವರು ಬಾಯಿ ಬಿಟ್ಟು ಅಳುವುದು. ಬೇರೆ ಬಂಡಿಗಳ ಹಾರ್ನಿನಂತೆ ಕಿರುಚುವ ದನಿಯಲ್ಲ ಅದು. ಎರಡು ತಗ್ಗು ಸ್ವರಗಳು ಒಟ್ಟಿಗೆ ಎದ್ದು ಬರುತ್ತಿದ್ದವು. ಬಂಡಿ ಊರಿಗೆ ಬಂದ ಹೊಸತರಲ್ಲಿ ದೊಯಿ ಯಜಮಾನರೇ ಹುಡುಕಿ ತಂದು ಕಟ್ಟಿದ ಹಾರ್ನ್. ಯಜಮಾನರು ಹೋದದ್ದೂ ಅದೇ ದನಿಯ ಹಿಂದೆಯೇ. "ನಂಗೂ ಅದನ್ನೇ ಊದ್ಸಿ. ಅವರು ಕೇಳಿಸ್ಕೊಂಡು ಬಾಗಿಲಿಗೆ ಬರ್ತಾರೆ" ಎಂದು ಫುಮಿ ಅಮ್ಮಾವ್ರು ಎಲ್ಲರ ಮುಂದೆಯೂ ಹೇಳುತ್ತಿದ್ದರು.

ಅಮ್ಮಾವ್ರು ತೀರಿಕೊಂಡದ್ದು ಹೆಯ್ಸೆ ಶಕೆಯ ಆರನೆಯ ವರ್ಷ, ಅಂದರೆ 1994ರ ನವೆಂಬರಿನಲ್ಲಿ, ಬುರಿ ಮೀನನ್ನು ಕರೆಯುವ ಗುಡುಗು ಮೊದಲ ಸಲ ಕೇಳಿದ ವಾರ. ಎಂಬತ್ತೊಂದು ವಯಸ್ಸಾಗಿತ್ತು. ಮರುದಿನ ಸಂಜೆ ಮನೆಯಲ್ಲಿ ಜಾಗರಣೆಯ ಪೂಜೆ, ಅದರ ಮರುದಿನ ಬೆಳಗ್ಗೆ ಮೆರವಣಿಗೆ ಎಂದು ಗೊತ್ತಾಯಿತು.

ಆದರೆ ಹಿಂದಿನ ವಾರದಿಂದ ಬಂಡಿಯ ಹಾರ್ನ್ ಕೈಕೊಡಲು ಶುರುಮಾಡಿತ್ತು. ಜಾಗರಣೆಯ ದಿನ ಮಧ್ಯಾಹ್ನ ಇಸೊಬೆ ಮುರೋತಾ ಅವರನ್ನು ಕರೆಸಿದರು. ಅತ್ತು ಅತ್ತು ಊದಿದ ಕಣ್ಣಿನಲ್ಲೇ ಸಲಕರಣೆಯ ಚೀಲ ಹೊತ್ತು ಮುರೋತಾ ಬಂದರು. ನಾನು ಕಂಪನಿಯ ಗ್ಯಾರೇಜಿನ ಬಾಗಿಲಲ್ಲಿ ಹೂವಿನ ಬಕೆಟ್ಟು ಇಡುತ್ತಿದ್ದೆ.

"ಒಂದ್ಸಲ ಕೂಗುತ್ತೆ, ಇನ್ನೊಂದ್ಸಲ ಇಲ್ಲ," ಎಂದರು ಇಸೊಬೆ. "ಮೊನ್ನೆ ಸ್ಟೀರಿಂಗಿಗೆ ಮೊಣಕೈಲಿ ಗುದ್ದಿದ ಮೇಲೆ ಕೂಗ್ತು. ನಾಳೆ ಅಮ್ಮಾವ್ರು. ನಾಳೆ ಮಾತ್ರ ಹಂಗಾಗ್ಬಾರ್ದು ಮುರೋತಾ ಸಾನ್."

"ನಾಳೆ ಹಂಗಾಗತ್ತಾ? ನಾನಿಲ್ವಾ?" ಎಂದರು ಮುರೋತಾ.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ. ಮೊದಲು ಮೂತಿಯ ಮುಚ್ಚಳ ತೆಗೆದು, ಹಾರ್ನಿಗೆ ನೇರವಾಗಿ ಕರೆಂಟು ಕೊಟ್ಟು ನೋಡಿದರು. ಗ್ಯಾರೇಜೆಲ್ಲ ಅದುರುವಂತೆ ಕೂಗಿತು. ಹಾರ್ನ್ ಸರಿಯಿದೆ, ಬ್ಯಾಟರಿ ಸರಿಯಿದೆ, ಫ್ಯೂಸ್ ಸರಿಯಿದೆ. ಹಾಗಾದರೆ ತೊಂದರೆ ಇರುವುದು ಸ್ಟೀರಿಂಗಿನ ಕಂಬದಲ್ಲಿ. ಇಸೊಬೆಗೆ ಅರ್ಥವಾಗಲೆಂದು ಬೆರಳು ತೋರಿಸಿ ತೋರಿಸಿ ವಿವರಿಸಿದರು. ಗುಂಡಿಗೆ ಬರುವುದು ಒಂದೇ ವೈರು. ಒತ್ತಿದಾಗ ಆ ಕರೆಂಟು ಸ್ಟೀರಿಂಗಿನ ಸಲಾಕೆಯ ಮೂಲಕ ಇಳಿದು ಬಂಡಿಯ ಮೈಗೆ ಸೇರಬೇಕು, ಆಗಲೇ ಹಾರ್ನ್ ಕೂಗುವುದು. ಆದರೆ ಸಲಾಕೆ ಕೆಳಗೆ ಒಂದು ಕಡೆ ತುಂಡಾಗಿ, ನಡುವೆ ದಪ್ಪನೆಯ ರಬ್ಬರಿನ ಬಿಲ್ಲೆ ಇಟ್ಟು ಜೋಡಿಸಿದ್ದಾರೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಆ ಬಿಲ್ಲೆಯ ಮೇಲಿಂದ ಆಚೆಗೆ ಈಚೆಗೆ ತಾಮ್ರದ ಹೆಣೆದ ಪಟ್ಟಿಯೊಂದು ಸೇತುವೆಯಂತೆ ಇರುತ್ತದೆ.

ಮುರೋತಾ ಎರಡು ಕಡೆಯೂ ಕ್ಲಿಪ್ ಇದ್ದ ಒಂದು ವೈರನ್ನು ತೆಗೆದು, ಒಂದು ತುದಿಯನ್ನು ಸಲಾಕೆಗೆ, ಇನ್ನೊಂದನ್ನು ಬಂಡಿಯ ಮೈಗೆ ಕಚ್ಚಿಸಿದರು. ಗುಂಡಿ ಒತ್ತಲು ಹೇಳಿದರು. ಕೂಗಿತು.

"ಸಿಕ್ತು," ಎಂದು ಬಂಡಿಯ ಅಡಿಗೆ ಮಲಗಿ ಹೋದರು. ತಾಮ್ರದ ಪಟ್ಟಿ ಹಸಿರುಗಟ್ಟಿ, ಒಂದೆರಡು ಎಳೆಯ ಮೇಲೆ ತೂಗುತ್ತಿತ್ತಂತೆ. ಹೊಸ ಪಟ್ಟಿ ಕತ್ತರಿಸಿ ಬೋಲ್ಟಿಗೆ ಬಿಗಿದು, "ಒತ್ತಿ" ಎಂದರು. ಇಸೊಬೆ ಒತ್ತಿದರು. ಕೂಗಿತು. ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟರು.

ಅಷ್ಟರಲ್ಲಿ ಒಳಗಿನ ಸಭಾಂಗಣದಿಂದ ನನ್ನನ್ನು ಕರೆದರು. ಅಲ್ಲಿ ಬೇರೊಂದು ಮನೆಯವರು ತಮ್ಮ ತಂದೆಯನ್ನು ಮಲಗಿಸಿಕೊಂಡು ಕೂತಿದ್ದರು. ಇನ್ನೂ ಹೊರಡುವ ಹೊತ್ತಾಗದೆ ಮೂರು ಸಲ ಕೂಗಿತಲ್ಲ, ಯಾರನ್ನು ಕರೆಯುತ್ತಿದ್ದೀರಿ ಎಂದು ಒಬ್ಬ ಮುದುಕಿ ಗಾಬರಿಯಾಗಿ ಕೇಳಿದಳು. ನಾನು ಓಡಿ ಬಂದು, "ಮುರೋತಾ ಸಾನ್, ದಯವಿಟ್ಟು ಇನ್ನು ಊದ್ಬೇಡಿ. ಒಳಗೆ ಜನ ಹೆದರ್ಕೊಂಡಿದಾರೆ" ಎಂದೆ.

"ಆಯ್ತಮ್ಮಾ, ಮುಗೀತು," ಎಂದರು. ಕ್ಲಿಪ್ಪಿನ ವೈರು ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮನೆಗೆ ಹೋಗಿ ಸ್ನಾನ ಮಾಡಿ, ಕರಿಯ ಸೂಟು ಹಾಕಿಕೊಂಡು ಜಾಗರಣೆಗೆ ಹೋಗುವ ಅವಸರ ಅವರಿಗೆ.

ಮರುದಿನ ಬೆಳಗ್ಗೆ ಹತ್ತೂವರೆಗೆ ದೊಯಿ ಮನೆಯ ಓಣಿಯಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಬಂದರಿನ ಹರಾಜು ಕಟ್ಟೆಯವರು, ಲಾರಿಯವರು, ಕಮಬೊಕೊ ಎಂಬ ಮೀನಿನ ತಿನಿಸಿನ ಅಂಗಡಿಯ ಹೆಂಗಸರು, ಎಲ್ಲ ಬಂದಿದ್ದರು. ಪೆಟ್ಟಿಗೆ ಹೊತ್ತವರಲ್ಲಿ ಮುರೋತಾ ಅವರೂ ಒಬ್ಬರು. ಪೆಟ್ಟಿಗೆಯನ್ನು ಬಂಡಿಯೊಳಗೆ ಸರಿಸಿ ಬಾಗಿಲು ಹಾಕಿದ್ದಾಯಿತು. ನೊಬುಹಿರೊ ಅಮ್ಮನ ಫೋಟೊ ಎದೆಗವಚಿಕೊಂಡು ಬಂದವರಿಗೆಲ್ಲ ನಾಲ್ಕು ಮಾತು ಹೇಳಿದರು. ಅವರ ಹೆಂಡತಿ ಅಮ್ಮಾವ್ರ ಅನ್ನದ ಬಟ್ಟಲನ್ನು ಕಲ್ಲಿನ ಮೇಲೆ ಬಡಿದರು. ಬಟ್ಟಲು ಚೂರಾಯಿತು. ಇನ್ನೇನು ಹಾರ್ನ್ ಕೂಗುತ್ತದೆಂದು ಎಲ್ಲರೂ ತಲೆ ಬಾಗಿಸಿ ಕೈ ಮುಗಿದರು.

ಏನೂ ಕೇಳಲಿಲ್ಲ.

ನಾನು ಬಂಡಿಯ ಪಕ್ಕದಲ್ಲೇ ನಿಂತಿದ್ದೆ. ಇಸೊಬೆ ಗುಂಡಿ ಒತ್ತುವ ಟಕ್ ಎಂಬ ಸಣ್ಣ ಸದ್ದು ನನಗೆ ಕೇಳಿಸಿತು. ಮತ್ತೆ ಟಕ್. ಮತ್ತೆ. ಬಾಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಇಸೊಬೆ ಎರಡೂ ಅಂಗೈ ಸೇರಿಸಿ ಒತ್ತಿದರು. ಆಮೇಲೆ ಮೊಣಕೈಯಿಂದ ಗುದ್ದಿದರು. ಎಲ್ಲೋ ಹಿಂದೆ ಒಂದು ಮಗು, "ಅಮ್ಮಾ, ಯಾಕೆ ಹೊಡೀತಾರೆ?" ಎಂದು ಕೇಳಿತು. ಕೊನೆಗೆ ನೊಬುಹಿರೊ ಹಲ್ಲು ಕಚ್ಚಿ, "ಸಾಕು, ಹೊರಡಿ" ಎಂದರು. ಚಿನ್ನದ ಬಂಡಿ ಕಳ್ಳನ ಹಾಗೆ ಸದ್ದಿಲ್ಲದೆ ಓಣಿ ದಾಟಿತು. ಯಾವಾಗ ತಲೆಯೆತ್ತಬೇಕು, ಯಾವಾಗ ಅಳಬೇಕು ಎಂದು ಯಾರಿಗೂ ತಿಳಿಯಲಿಲ್ಲ.

ಸುಡುಗಾಡಿನಿಂದ ಮೂಳೆ ಆರಿಸಿಕೊಂಡು ಬಂದ ಮೇಲೆ ಮನೆಯಲ್ಲಿ ಊಟ. ನಾನು ಚಹಾ ಸುರಿಯುತ್ತಿದ್ದೆ. ಇಸೊಬೆ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದು, ಚಾಪೆಯ ಅಂಚಿನಲ್ಲಿ ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚಿದರು. "ಏನು ಹೇಳಿದ್ರೂ ಸಾಲದು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ನೊಬುಹಿರೊ ಮೆದು ಸ್ವಭಾವದವರು. ಆದರೆ ಅಂದು ದನಿ ಏರಿಸಿದರು. "ಮೂವತ್ತು ವರ್ಷದಿಂದ ಮಾಡ್ತಿರೋದು ಏನ್ ಕೆಲ್ಸ ನೀವು? ಒಂದು ಗುಂಡಿ ಒತ್ತೋದು. ನಮ್ಮಮ್ಮ ಕೇಳಿದ್ದು ಅದೊಂದೇ. ಅದೂ ನಿಮ್ಮ ಕೈಲಾಗ್ಲಿಲ್ವಾ?"

ಇಸೊಬೆ ತಲೆ ಎತ್ತಲಿಲ್ಲ. ನಿನ್ನೆ ಅದನ್ನು ಮುರೋತಾ ರಿಪೇರಿ ಮಾಡಿದ್ದಾರೆ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ಮೂರೇ ಜನಕ್ಕೆ. ಒಬ್ಬರು ನೆಲಕ್ಕೆ ಹಣೆ ಹಚ್ಚಿದ್ದರು. ಒಬ್ಬರು ಮೂರನೆಯ ಮಣೆಯ ಮುಂದೆ ಕೂತು ಬೇಯಿಸಿದ ಮೂಲಂಗಿಯನ್ನು ಊಟದ ಕಡ್ಡಿಗಳಲ್ಲಿ ಹಿಡಿದಿದ್ದರು. ಇನ್ನೊಬ್ಬಳ ಕೈಯಲ್ಲಿ ಚಹಾದ ಕೆಟಲು.

ಆಗ ಅಮ್ಮಾವ್ರ ತಮ್ಮ, ಕಿವಿ ಮಂದವಾದ ಮುದುಕ, ದೊಡ್ಡ ದನಿಯಲ್ಲಿ ಕೇಳಿದರು: "ಏಯ್ ಟೆತ್ಸು, ಆ ಬಂಡಿ ವಿಷಯ ನಿಂಗೆ ಗೊತ್ತಲ್ಲ. ಏನಾಗಿರ್ಬೋದು?"

ಎಲ್ಲರೂ ಮುರೋತಾ ಅವರತ್ತ ತಿರುಗಿದರು. ಅವರು ಬಾಯಲ್ಲಿದ್ದುದನ್ನು ನುಂಗಿದರು.

"ಹಳೇ ಬಂಡಿ," ಎಂದರು. "ಗುಂಡೀನ ಸರಿಯಾಗಿ ನಡುಮಧ್ಯ ಒತ್ಲಿಲ್ಲ ಅಂದ್ರೆ... ಕೆಲವು ಸಲ ಹಿಡಿಯಲ್ಲ."

ಇಸೊಬೆ ಆಗ ತಲೆಯೆತ್ತಿದರು. ಮುರೋತಾ ಅವರ ಮುಖವನ್ನು ನೋಡಿದರು. ಕೋಪವಿರಲಿಲ್ಲ, ಗುರುತಿನವರ ಮನೆಯೆಂದು ಬಾಗಿಲು ತಟ್ಟಿದಾಗ ಅಪರಿಚಿತ ಮುಖವೊಂದು ಇಣುಕಿದರೆ ನೋಡುತ್ತೇವಲ್ಲ, ಹಾಗೆ ನೋಡಿದರು. ಮತ್ತೆ ಹಣೆ ಚಾಪೆಗೆ ಇಳಿಯಿತು. "ಹೌದು. ನನ್ನ ಕೈಯ ತಪ್ಪು."

ಮಾರನೆಯ ಬೆಳಗ್ಗೆ ನಾನು ಬೇಗ ಹೋದೆ. ಗ್ಯಾರೇಜಿನಲ್ಲಿ ಬಂಡಿಯ ಅಡಿಯಿಂದ ಎರಡು ಕಾಲು ಚಾಚಿಕೊಂಡಿದ್ದವು. ಮುರೋತಾ. ಪಕ್ಕದಲ್ಲಿ ಕರೆಂಟಿನ ದಾರಿ ಪರೀಕ್ಷಿಸುವ ಮುಳ್ಳಿನ ಮೀಟರು. ಅದರ ವೈರುಗಳನ್ನು ರಬ್ಬರು ಬಿಲ್ಲೆಯ ಆಚೆ ಈಚೆ ಮುಟ್ಟಿಸಿದ್ದರು. ಮುಳ್ಳು ಅಲ್ಲಾಡುತ್ತಿರಲಿಲ್ಲ. ಬೋಲ್ಟು ಬಿಚ್ಚಿ ಅದರ ತಲೆಯಡಿಯ ತುಕ್ಕು, ಹಳೆಯ ಬಣ್ಣ ಎಲ್ಲವನ್ನೂ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿದರು. ಮುಳ್ಳು ಸರ್ರನೆ ಆಚೆಯ ತುದಿಗೆ ಹೋಯಿತು.

"ಏನಾಗಿತ್ತು?" ಎಂದೆ.

"ಸಣ್ಣದು," ಎಂದರು. ನನ್ನ ಮುಖ ನೋಡಲಿಲ್ಲ.

ಹೊಸ ಪಟ್ಟಿಯನ್ನು ತುಕ್ಕಿನ ಮೇಲೆಯೇ ಬಿಗಿದಿದ್ದರು ಎಂದು ಆಮೇಲೆ ತಿಳಿಯಿತು. ಅಂದು ಹಾರ್ನ್ ಕೂಗಿದ್ದು ಪಟ್ಟಿಯಿಂದಲ್ಲ, ಇನ್ನೂ ಕಚ್ಚಿಕೊಂಡೇ ಇದ್ದ ಅವರ ಕ್ಲಿಪ್ಪಿನ ವೈರಿನಿಂದ. ವೈರು ಬಿಚ್ಚಿದ ಮೇಲೆ ಇನ್ನೊಮ್ಮೆ ನೋಡಿದ್ದರೆ ಸಾಕಿತ್ತು. ಊದುವುದು ಬೇಡವೆಂದು ನಾನು ತಡೆದದ್ದು ನಿಜ. ಆದರೆ ಮೀಟರಿಗೆ ಸದ್ದಿಲ್ಲ.

ಆ ವಾರವೇ ಇಸೊಬೆ ಬಿಳಿಯ ಕೈಗವಸುಗಳನ್ನು ಮಡಿಸಿ ಮ್ಯಾನೇಜರರ ಮೇಜಿನ ಮೇಲಿಟ್ಟರು. ನೆಂಟರನ್ನು ಕರೆದೊಯ್ಯುವ ಸಣ್ಣ ಬಸ್ಸು ಓಡಿಸುತ್ತೇನೆ, ಬಂಡಿ ಬೇರೆಯವರಿಗೆ ಕೊಡಿ ಎಂದರು. ಬೇರೆಯವನು ಬಂದ. ಅವನು ಒತ್ತಿದರೆ ಹಾರ್ನ್ ಪ್ರತಿ ಸಲವೂ ಕೂಗಿತು. ಅದು ಇಸೊಬೆಯವರಿಗೆ ಇನ್ನೊಂದು ಪೆಟ್ಟಾಯಿತು. "ನೋಡಿದ್ರಾ, ಕೈ ಬದಲಾದ್ರೆ ಸಾಕು" ಎಂದು ಊರಿನವರು ಅಂದರು. ಇಸೊಬೆಯವರ ಹೆಂಡತಿ ಮೀನಿನ ಅಂಗಡಿಗೆ ಹೋದಾಗ, "ಏನಮ್ಮಾ, ಯಜಮಾನ್ರ ಬೆರಳಿಗೆ ವಯಸ್ಸಾಯ್ತಾ?" ಎಂದು ಯಾರೋ ಕಿಚಾಯಿಸಿದರಂತೆ. ಆಕೆ ಆಮೇಲೆ ಆಚೆಯ ಬೀದಿಯ ಅಂಗಡಿಗೆ ಹೋಗತೊಡಗಿದರು.

ಮುರೋತಾ ಸೊರಗತೊಡಗಿದರು. ಏನಾದರೂ ನೆಪ ಮಾಡಿಕೊಂಡು ನಮ್ಮ ಗ್ಯಾರೇಜಿಗೆ ಬರುತ್ತಿದ್ದರು. ಬಸ್ಸಿನ ದೀಪ ನೋಡಲೇ, ಬ್ಯಾಟರಿಗೆ ನೀರು ಹಾಕಲೇ ಎನ್ನುತ್ತಿದ್ದರು. ಇಸೊಬೆ, "ಬೇಡ, ಸರಿ ಇದೆ" ಎನ್ನುತ್ತಿದ್ದರು, ಅಷ್ಟೇ ಮರ್ಯಾದೆಯಿಂದ. ಒಂದು ಸಲವೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಮುರೋತಾ ಅವರಿಗೆ ಅನ್ನ ಇಳಿಯುತ್ತಿತ್ತೋ ಏನೋ. ಒಮ್ಮೆ ಅವರ ಹೆಂಡತಿ ನನ್ನ ಬಳಿ, "ಅಮ್ಮಾವ್ರು ಹೋದ ದುಃಖ ಇನ್ನೂ ಹೋಗಿಲ್ಲ ನೋಡಿ" ಎಂದು ಕಣ್ಣೊರೆಸಿಕೊಂಡರು. ನಾನು ಹೂಂ ಎಂದೆ. ಬೇರೇನು ಹೇಳಲಿ?

ಜನವರಿಯ ಎರಡನೆಯ ವಾರ ನಲವತ್ತೊಂಬತ್ತನೆಯ ದಿನದ ಪೂಜೆ. ಮೊಣಕಾಲುದ್ದ ಹಿಮ ಬಿದ್ದಿತ್ತು. ಪೀಠ ಕಟ್ಟಲು ನಾನು ಬೆಳಗ್ಗೆಯೇ ದೊಯಿ ಮನೆಗೆ ಹೋಗಿದ್ದೆ. ಪೂಜೆ ಮುಗಿಯಿತು, ಬೌದ್ಧ ಭಿಕ್ಷು ಹೊರಟರು, ಅದೇ ಕೋಣೆಯಲ್ಲಿ ಅದೇ ಜನ ಊಟಕ್ಕೆ ಕೂತರು. ನೊಬುಹಿರೊ ಸಾಕೆ ಮದ್ಯದ ಹೂಜಿ ಎತ್ತಿಕೊಂಡು ಮುರೋತಾ ಅವರ ಮುಂದೆ ಬಂದು, "ನೀವು ಅಮ್ಮನಿಗೆ ನನಗಿಂತ ಹೆಚ್ಚಿನ ಮಗ" ಎಂದು ಬಟ್ಟಲು ತುಂಬಿಸಲು ಹೋದರು.

ಮುರೋತಾ ಬಟ್ಟಲನ್ನು ಬೋರಲು ಹಾಕಿದರು. ಮಣೆ ಬಿಟ್ಟು ಹಿಂದೆ ಸರಿದು, ಚಾಪೆಯ ಮೇಲೆ ಕೈಯೂರಿದರು.

"ಆವತ್ತು ಹಾರ್ನ್ ಕೂಗದೆ ಇದ್ದದ್ದು ಇಸೊಬೆ ಸಾನ್ ತಪ್ಪಿಂದ ಅಲ್ಲ. ಹಿಂದಿನ ದಿನ ನಾನೇ ರಿಪೇರಿ ಮಾಡ್ದೆ. ತುಕ್ಕಿನ ಮೇಲೆ ಪಟ್ಟಿ ಬಿಗಿದೆ. ಕೊನೇಲಿ ಮೀಟರ್ ಇಟ್ಟು ನೋಡ್ಲಿಲ್ಲ. ಅವಸರ. ನನ್ನ ಕೈ ತಪ್ಪಲ್ಲ ಅನ್ನೋ ಜಂಬ. ಇಲ್ಲೇ ಕೂತು, ಇದೇ ಮಣೆ ಮುಂದೆ, ಒತ್ತಿದ್ದು ಸರಿಯಿಲ್ಲ ಅಂತ ಅಂದೆ. ಸುಳ್ಳು. ಗುಂಡಿ ಎಲ್ಲಿ ಒತ್ತಿದ್ರೂ ಅದು ಕೂಗ್ತಿರ್ಲಿಲ್ಲ. ನಂಗೆ ಅವತ್ತೇ ಅನುಮಾನ ಇತ್ತು. ಮಾರನೇ ದಿನ ಕಣ್ಣಾರೆ ನೋಡ್ದೆ. ನಲವತ್ತು ದಿನಕ್ಕಿಂತ ಹೆಚ್ಚಾಯ್ತು, ಬಾಯಿ ಬಿಡ್ಲಿಲ್ಲ."

ಊದಬೇಡಿ ಎಂದು ನಾನು ತಡೆದದ್ದನ್ನು ಅವರು ಹೇಳಲೇ ಇಲ್ಲ. ಹೇಳಿದ್ದರೆ ಅವರ ಹೊರೆ ಒಂದು ಹಿಡಿಯಷ್ಟಾದರೂ ಇಳಿಯುತ್ತಿತ್ತು. ನಾನು ಕೋಣೆಯ ಮೂಲೆಯಲ್ಲಿ ಟ್ರೇ ಹಿಡಿದು ನಿಂತೇ ಇದ್ದೆ. ಬಾಯಿ ತೆರೆಯಲಿಲ್ಲ.

ಕಿವಿ ಮಂದವಾದ ಮುದುಕ, "ಏನಂತೆ? ಏನಂದ ಟೆತ್ಸು?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನೊಬುಹಿರೊ ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟರು. "ನಾನು ಆ ಮನುಷ್ಯನಿಗೆ ಎಲ್ಲರ ಎದುರು ಏನಂದೆ ಅಂತ ನೆನಪಿದ್ಯಾ ನಿಮ್ಗೆ?"

"ಒಂದಕ್ಷರ ಬಿಡದೆ ನೆನಪಿದೆ."

"ಶಾಲೇಲಿ ಮಕ್ಕಳಿಗೆ ಹೇಳ್ತೀನಿ, ಗೊತ್ತಿಲ್ದೆ ಯಾರನ್ನೂ ಬೈಬೇಡಿ ಅಂತ." ಅವರ ಕಣ್ಣು ಕೆಂಪಾಗಿತ್ತು. "ನಿಮ್ಮ ಮಾತು ನಂಬಿ ನಾನೂ ಗಲೀಜಾದೆ. ಇದನ್ನ ನಮ್ಮುಂದೆ ಹೇಳಿ ಏನ್ ಪ್ರಯೋಜನ? ಕೇಳ್ಬೇಕಾದವ್ರು ಇಲ್ಲಿಲ್ಲ. ಏಳಿ."

ಊಟ ಅಲ್ಲೇ ಬಿಟ್ಟು ಇಬ್ಬರೂ ಎದ್ದರು. ಇಸೊಬೆ ಎಲ್ಲಿರುತ್ತಾರೆಂದು ನನಗೆ ಗೊತ್ತಿದ್ದುದರಿಂದ ನಾನೂ ಹೋದೆ. ಮೂವರೂ ಹಿಮದಲ್ಲಿ ಒಬ್ಬರ ಹೆಜ್ಜೆಯಲ್ಲಿ ಒಬ್ಬರು ಹೆಜ್ಜೆಯಿಟ್ಟು ನಡೆದೆವು.

ಇಸೊಬೆ ಗ್ಯಾರೇಜಿನ ಮುಂದೆ ಸಲಿಕೆಯಿಂದ ಹಿಮ ಎತ್ತಿ ಹಾಕುತ್ತಿದ್ದರು. ಮುರೋತಾ ಹಿಮದಲ್ಲೇ ಮಂಡಿಯೂರಿ, ದೊಯಿ ಮನೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಇಸೊಬೆ ಸಲಿಕೆಯ ಹಿಡಿಯ ಮೇಲೆ ಎರಡೂ ಕೈಯಿಟ್ಟು ಪೂರ್ತಿ ಕೇಳಿದರು.

"ತೋರ್ಸಿ," ಎಂದರು ಕೊನೆಗೆ.

"ಏನು?"

"ಎಲ್ಲಿ ಅಂತ ತೋರ್ಸಿ. ಈ ನಲವತ್ತು ದಿನ ನಾನು ಮಲಗಿದಲ್ಲೇ ಆ ಗುಂಡಿ ಒತ್ತಿದೀನಿ. ಬಲಗಡೆ ಒತ್ತಿದ್ನಾ, ಎಡಗಡೆ ಒತ್ತಿದ್ನಾ, ಕೈಗವಸು ಜಾರ್ತಾ ಅಂತ. ನನ್ನ ಕಣ್ಣಲ್ಲಿ ನೋಡ್ಬೇಕು."

ಮುರೋತಾ ಕರಿಯ ಸೂಟಿನಲ್ಲೇ ತಣ್ಣನೆಯ ಸಿಮೆಂಟು ನೆಲದ ಮೇಲೆ ಬಂಡಿಯ ಅಡಿಗೆ ಹೋದರು. ಇಸೊಬೆಯೂ ಪಕ್ಕದಲ್ಲಿ ಮಲಗಿ, ಟಾರ್ಚು ಹಿಡಿದರು. ಗ್ಯಾರೇಜಿನಲ್ಲಿದ್ದ ಸ್ಪ್ಯಾನರು, ಮೀಟರು ನಾನು ತಂದುಕೊಟ್ಟೆ. ಮುರೋತಾ ಬೋಲ್ಟು ಸಡಿಲಿಸಿ, ಪಟ್ಟಿಯ ಅಡಿಗೆ ಒಂದು ಕಾಗದದ ಚೂರು ತೂರಿಸಿ, "ತುಕ್ಕು ಹೀಗಿತ್ತು" ಎಂದರು. ಮೀಟರಿನ ಮುಳ್ಳು ಸತ್ತ ಹಾಗೆ ಬಿದ್ದಿತ್ತು. "ಈಗ ಮೇಲೆ ಹೋಗಿ ಒತ್ತಿ."

ಇಸೊಬೆ ಎದ್ದು ಚಾಲಕನ ಸೀಟಿನಲ್ಲಿ ಕೂತರು. ಒತ್ತಿದರು. ಟಕ್. ನಡುಮಧ್ಯ, ಎಡಕ್ಕೆ, ಬಲಕ್ಕೆ, ಎಲ್ಲ ಕಡೆ ಒತ್ತಿದರು. ಟಕ್, ಟಕ್, ಟಕ್. ಇಳಿದು ಬಂದು ಮತ್ತೆ ಮಲಗಿದರು.

"ಆ ಮುಳ್ಳು ನೋಡೋಕೆ ಎಷ್ಟು ಹೊತ್ತು ಬೇಕು?"

"ಹತ್ತು ಸೆಕೆಂಡು."

"ಹತ್ತು ಸೆಕೆಂಡು," ಎಂದರು ಇಸೊಬೆ. "ನಾನು ಚಾಪೆಗೆ ಹಣೆ ಹಚ್ಚಿದ್ದು ಅದಕ್ಕಿಂತ ಜಾಸ್ತಿ ಹೊತ್ತು ಮುರೋತಾ ಸಾನ್."

ಬಂಡಿಯ ಅಡಿಯಲ್ಲಿ ಮುರೋತಾ ಅಳುವ ಸದ್ದು ಕೇಳಿತು. ಅರವತ್ತು ವರ್ಷದ ಗಂಡಸು ಅಳುವುದನ್ನು ಕೇಳುತ್ತ ಏನು ಮಾಡಬೇಕೆಂದು ತೋಚದೆ ನಾನೂ ನೊಬುಹಿರೊ ಅವರೂ ಬಾಗಿಲಾಚೆ ನೋಡುತ್ತಾ ನಿಂತೆವು.

ಇಸೊಬೆ ಹೊರಗೆ ಬಂದಾಗ ನೊಬುಹಿರೊ ಸೊಂಟ ಮುರಿಯುವಷ್ಟು ಬಾಗಿ, "ನಾನು ಆಡಬಾರದ್ದು ಆಡ್ದೆ" ಎಂದರು. ಇಸೊಬೆ ಬೆನ್ನಿನ ಧೂಳು ಕೊಡವಿಕೊಂಡು, "ತಾಯೀನ ಕಳಿಸಿಕೊಟ್ಟ ದಿನ ಮಗ ಆಡಿದ್ದನ್ನ ಯಾರು ಲೆಕ್ಕಕ್ಕೆ ಇಡ್ತಾರೆ ಮೇಷ್ಟ್ರೇ. ಬಿಡಿ" ಎಂದರು. ಮುರೋತಾ ಅವರಿಗೆ ಅಂಥ ಮಾತೇನೂ ಬರಲಿಲ್ಲ. "ಕಾಗದ ತೆಗೆದು ಗಟ್ಟಿಯಾಗಿ ಬಿಗೀರಿ. ನಾಳೆ ಬಂಡಿಗೆ ಕೆಲ್ಸ ಇದೆ" ಎಂದಷ್ಟೇ ಹೇಳಿ ಮತ್ತೆ ಸಲಿಕೆ ಎತ್ತಿಕೊಂಡರು.

ಮರುದಿನವೇ ನೊಬುಹಿರೊ ಮ್ಯಾನೇಜರರ ಬಳಿ ಎಲ್ಲವನ್ನೂ ಹೇಳಿದರು. ಮುರೋತಾ ತಾವೇ ಮೀನಿನ ಅಂಗಡಿಗೂ ಕಮಬೊಕೊ ಅಂಗಡಿಗೂ ಹೋಗಿ, "ಇಸೊಬೆ ಸಾನ್ ಬೆರಳಲ್ಲ, ನನ್ನ ಬೋಲ್ಟು" ಎಂದು ಹೇಳಿ ಬಂದರು. ಊರಿನ ಬಾಯಿ ಮುರೋತಾ ಅವರ ಕಡೆಗೆ ತಿರುಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಂಗಡಿಯ ಮುಂದೆ ಲಾರಿ ನಿಲ್ಲಿಸಿದವರು, "ಮುರೋತಾ ಸಾನ್, ಕ್ಲಿಪ್ ಬಿಚ್ಚಿದ್ರಾ?" ಎಂದು ನಗುತ್ತಿದ್ದರು. ಅವರು, "ಬಿಚ್ಚಿದೀನಿ, ನೋಡ್ಕೊಳ್ಳಿ" ಎಂದು ಕೈ ತೋರಿಸುತ್ತಿದ್ದರು. ವೈರಿಂಗಿನವರ ಸಂಘದ ಅಧ್ಯಕ್ಷರಾಗಿ ಎಂದು ಕೇಳಿದಾಗ ಒಪ್ಪಲಿಲ್ಲ.

ಇಸೊಬೆ ಮಾರ್ಚಿನಲ್ಲಿ ಬಂಡಿಗೆ ಮರಳಿದರು. ಆರು ವರ್ಷ ಓಡಿಸಿದರು. ಆದರೆ ಆ ಆರು ವರ್ಷವೂ ಬಂಡಿಯ ವೈರಿಂಗನ್ನು ತಕಾವೊಕಾದ ಅಂಗಡಿಗೆ ಒಯ್ದೇ ಮಾಡಿಸಿದರು. ಹೋಗಲು ಮುಕ್ಕಾಲು ಗಂಟೆಯ ದಾರಿ. ಎದುರಾದರೆ ಇಬ್ಬರೂ ತಲೆಬಾಗಿ ವಂದಿಸುತ್ತಿದ್ದರು. ಹೊಸ ವರ್ಷಕ್ಕೆ ಕಾರ್ಡು ಬರೆದುಕೊಳ್ಳುತ್ತಿದ್ದರು. ಅದಕ್ಕಿಂತ ಹತ್ತಿರ ಅವರು ಮತ್ತೆ ಬರಲಿಲ್ಲ. ಮುರೋತಾ ಅದನ್ನು ಬೇಡಲೂ ಇಲ್ಲ.

ಬಹಳ ವರ್ಷಗಳ ಮೇಲೆ, ನಾನು ಕೆಲಸ ಬಿಟ್ಟ ಮೇಲೆ, ನನ್ನ ಸಣ್ಣ ಕಾರಿನ ಹೆಡ್‌ಲೈಟು ಹಾಕಿಸಲು ಅವರ ಅಂಗಡಿಗೆ ಹೋಗಿದ್ದೆ. ಅವರಿಗೆ ಎಪ್ಪತ್ತು ದಾಟಿತ್ತು. ಅಂದು ಧೈರ್ಯ ಮಾಡಿ ಹೇಳಿದೆ: "ಅವತ್ತು ಊದ್ಬೇಡಿ ಅಂದದ್ದು ನಾನು. ನೀವು ಯಾರ ಮುಂದೂ ಅದನ್ನ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಅದು ನಿನ್ನ ಕೆಲ್ಸ ಆಗಿತ್ತಮ್ಮಾ. ಮೀಟರ್ ನನ್ನ ಚೀಲದಲ್ಲಿತ್ತು," ಎಂದರು. ಬಲ್ಬನ್ನು ತಿರುಗಿಸಿ ಕೂರಿಸಿದರು. ಆಮೇಲೆ ತಾವಾಗಿಯೇ ಮಾತಾಡಿದರು. "ಬೋಲ್ಟಿನ ವಿಷಯ ಒಂದು ದಿನ ಮರ್ತೇನು. ಕೆಲ್ಸ ಮಾಡೋ ಕೈ ತಪ್ಪುತ್ತೆ. ಆದ್ರೆ ಆ ಮುದುಕ ಕೇಳ್ದಾಗ ಒಂದು ಮಾತು ಬಂತಲ್ಲ ನನ್ನ ಬಾಯಿಂದ, ಅದನ್ನ ನಾನು ಹುಡುಕ್ಲೂ ಇಲ್ಲ, ಯೋಚ್ನೇನೂ ಮಾಡ್ಲಿಲ್ಲ. ಮೂಲಂಗಿ ನುಂಗಿದ್ದೇ ತಡ, ತಯಾರಾಗಿ ಕೂತಿತ್ತು. ಅಂಥವನೊಬ್ಬ ನನ್ನೊಳಗೆ ಅರವತ್ತು ವರ್ಷ ಇದ್ದ ಅಂತ ನಂಗೇ ಗೊತ್ತಿರ್ಲಿಲ್ಲ. ಅವತ್ತಿಂದ ಯಾರಾದ್ರೂ ಏನಾದ್ರೂ ಕೇಳಿದ್ರೆ, ಬಾಯಿ ಬಿಡೋಕೆ ಮುಂಚೆ ಸ್ವಲ್ಪ ಭಯ ಆಗುತ್ತೆ."

ಹೊರಗೆ ಮೀನಿನ ಲಾರಿಯೊಂದು ಬಂದು ನಿಂತು, "ಇದ್ದೀರಾ ಮುರೋತಾ ಸಾನ್? ಬ್ಯಾಟರಿ ಮಲಗ್ಬಿಟ್ಟಿದೆ" ಎಂದು ಚಾಲಕ ಕೂಗಿದ. ಅವರು ಕೈ ಒರೆಸಿಕೊಂಡು, ಸೊಂಟ ಹಿಡಿದುಕೊಂಡು ಎದ್ದು ಹೋದರು.